ಕಾಣದ ಕಣದ ಭಾರ

ರೋಮ್ ನಗರದ ಎನ್ರಿಕೊ ಫರ್ಮಿ ಬೀಟಾ ಕ್ಷಯವನ್ನು ಕುರಿತು 1934ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ, ನ್ಯೂಟ್ರಾನ್, ಪ್ರೋಟಾನ್, ಎಲೆಕ್ಟ್ರಾನ್, ನ್ಯೂಟ್ರಿನೊಗಳೆಂಬ ನಾಲ್ಕು ಕಣಗಳು ಒಂದೇ ಬಿಂದುವಿನಲ್ಲಿ ಸಂಧಿಸುವುವೆಂದು ಭಾವಿಸಿ, ಆ ಸಂಧಿಯ ಬಲವನ್ನು ಒಂದೇ ಸ್ಥಿರಾಂಕದಿಂದ ಸೂಚಿಸಿದರು. ಅಲ್ಪಶಕ್ತಿಯ ಕ್ಷಯಗಳಿಗೆ ಈ ಗಣನೆ ಸಮರ್ಪಕವಾಗಿ ಒದಗಿತಾದರೂ, ಪ್ರೋಟಾನಿನ ದ್ರವ್ಯರಾಶಿಯ ಕೆಲವು ನೂರು ಪಟ್ಟಿಗೆ ಸಮನಾದ ಶಕ್ತಿಯನ್ನು ಮುಟ್ಟುವ ವೇಳೆಗೆ ಅದು ನೂರಕ್ಕೆ ನೂರನ್ನೂ ಮೀರಿದ ಸಂಭವನೀಯತೆಯನ್ನು ನುಡಿಯತೊಡಗುತ್ತದೆ. ಆದುದರಿಂದ ಅಷ್ಟರೊಳಗೆ ಹೊಸದೊಂದು ತಲೆದೋರಲೇಬೇಕೆಂಬ ಸೂಚನೆ ಆ ಸಿದ್ಧಾಂತದಲ್ಲಿಯೇ ಅಡಗಿತ್ತು. ಜಿನೀವಾ ಸಮೀಪದ ಸರ್ನ್ ಪ್ರಯೋಗಶಾಲೆಯಲ್ಲಿ 1983ರಲ್ಲಿ ಪ್ರೋಟಾನಿಗಿಂತ ಸುಮಾರು 86 ಪಟ್ಟು ಭಾರವಾದ ಡಬ್ಲ್ಯು ಕಣ ದೊರೆತಾಗ, ಫರ್ಮಿಯವರು ಬಿಂದುವೆಂದು ಎಣಿಸಿದ್ದೆಡೆಯಲ್ಲಿ ನಡೆಯುತ್ತಿದ್ದುದು ಆ ಕಣದ ಕ್ಷಣಿಕ ವಿನಿಮಯವೆಂಬುದು ಪ್ರತ್ಯಕ್ಷವಾಯಿತು.

ಭಾರವಾದ ಕಣ ತಾನು ಮರೆಯಲ್ಲಿದ್ದರೂ ಹಗುರವಾದವುಗಳ ವ್ಯಾಪಾರದಲ್ಲಿ ತನ್ನ ಅಂಶವನ್ನು ಉಳಿಸುತ್ತದೆ, ಅದರ ದ್ರವ್ಯರಾಶಿ ಹಿರಿದಾದಷ್ಟೂ ಆ ಅಂಶ ಕ್ಷೀಣಿಸುತ್ತದೆ ಎಂಬುದೇ ಪರಿಣಾಮಕಾರಿ ಕ್ಷೇತ್ರಸಿದ್ಧಾಂತದ ತಳಹದಿ. ತಿಳಿದ ಕಣಗಳನ್ನೂ ಅವುಗಳ ಸಮಮಿತಿಗಳನ್ನೂ ಮಾತ್ರ ನಂಬಿ, ಸಮೀಕರಣಕ್ಕೆ ಇನ್ನಾವ ಪದಗಳು ಸೇರಲು ಅವಕಾಶವಿದೆಯೆಂದು 1979ರಲ್ಲಿ ಸ್ಟೀವನ್ ವೈನ್‌ಬರ್ಗ್ ವಿಚಾರಿಸಿದರು. ಇನ್ನೂ ಕಾಣದ ಭಾರವಾದ ಕಣದ ಅಜ್ಞಾತ ದ್ರವ್ಯರಾಶಿಯಿಂದ ಒಮ್ಮೆ ಭಾಗಿಸಲ್ಪಟ್ಟ ಮೊದಲ ಪದ ನ್ಯೂಟ್ರಿನೊಗೆ ಭಾರವನ್ನು ಕೊಡುವಂಥದು. ಎರಡು ಬಾರಿ ಭಾಗಿಸಲ್ಪಟ್ಟವುಗಳಲ್ಲಿ ಕೆಲವು, ಅಕ್ಷಯವೆಂದು ನಂಬಿದ್ದ ಪ್ರೋಟಾನನ್ನೇ ಕ್ಷಯಕ್ಕೆ ಗುರಿಮಾಡುವಂಥವು.

ಈ ಎರಡು ಪದಗಳ ಕಥೆಯಲ್ಲಿಯೂ ಕೋಲಾರದ ಚಿನ್ನದ ಗಣಿಗೆ ಪಾತ್ರವುಂಟು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ 1951ರಷ್ಟು ಹಿಂದೆಯೇ ವಿಶ್ವಕಿರಣಗಳ ಮ್ಯುಆನುಗಳನ್ನು ಅಳೆಯಲು ಉಪಕರಣಗಳೊಡನೆ ಆ ಗಣಿಯೊಳಕ್ಕೆ ಇಳಿದಿದ್ದರು. ಮೇಲಿನ ಬಂಡೆಯ ರಾಶಿ ಉಳಿದ ಕಣಗಳನ್ನು ಬಹುಮಟ್ಟಿಗೆ ತಡೆಹಿಡಿಯುವ ಸುಮಾರು 2.3 ಕಿಲೋಮೀಟರು ಆಳದಲ್ಲಿ, 1965ರಲ್ಲಿ, ಭಾರತ, ಜಪಾನ್, ಬ್ರಿಟನ್ನುಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಹಿಡಿದರು. ಅದೇ ಜಾತಿಯ ನ್ಯೂಟ್ರಿನೊಗಳು ದಾರಿಯಲ್ಲಿ ರೂಪಾಂತರ ಹೊಂದುತ್ತವೆ, ಆದಕಾರಣ ಅವುಗಳಿಗೆ ಭಾರವಿದೆ ಎಂದು ಜಪಾನಿನ ಸೂಪರ್ ಕಾಮಿಯೊಕಾಂಡೆ ಶೋಧಕ 1998ರಲ್ಲಿ ತೋರಿಸಿದುದು, ವೈನ್‌ಬರ್ಗರ ಮೊದಲ ಪದಕ್ಕೆ ಅನುಗುಣವಾಗಿಯೇ ಇತ್ತು.

ಎರಡನೆಯ ಬಗೆಯ ಪದಗಳಿಗಾಗಿ 1980ರ ದಶಕದಲ್ಲಿ ಅದೇ ಗಣಿಯಲ್ಲಿ 140 ಟನ್ನು ತೂಕದ ಕಬ್ಬಿಣದ ಶೋಧಕ ಸ್ಥಾಪಿತವಾಯಿತು. ಅಷ್ಟು ಕಬ್ಬಿಣದ ಪರಮಾಣುಬೀಜಗಳಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳ ಸಂಖ್ಯೆ 8×10³¹ರ ಆಸುಪಾಸಿನದಾದುದರಿಂದ, ಒಂದೊಂದರ ಆಯುಷ್ಯ 10³¹ ವರ್ಷವಾಗಿದ್ದರೂ ವರ್ಷಕ್ಕೆ ಕೆಲವಾದರೂ ಅಳಿಯಬೇಕು. ಕ್ಷಯವಿರಬಹುದೆಂದು ಪ್ರಕಟವಾದ ಕೆಲವು ಘಟನೆಗಳನ್ನು ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಶೋಧಕಗಳು ಸಮರ್ಥಿಸಲಿಲ್ಲ. ಆದರೂ ಆ ಶ್ರಮ ವ್ಯರ್ಥವಲ್ಲ: ಕ್ಷಯದ ದರ ಅಜ್ಞಾತ ದ್ರವ್ಯರಾಶಿಯ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಕ್ಷಯ ಕಾಣದೆ ಕಳೆದ ಒಂದೊಂದು ವರ್ಷವೂ ಆ ದ್ರವ್ಯರಾಶಿಯ ಕೆಳಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ. ಕೆಲವು ಬಗೆಯ ಕ್ಷಯಗಳಿಗೆ ಇಂದಿನ ಆಯುಷ್ಯದ ಮಿತಿ 10³⁴ ವರ್ಷಗಳನ್ನು ದಾಟಿದ್ದು, ಅದು ಸ್ಥೂಲವಾಗಿ ಪ್ರೋಟಾನಿನ 10¹⁵ ಪಟ್ಟಿಗೂ ಮಿಗಿಲಾದ ದ್ರವ್ಯರಾಶಿಯತ್ತ ಬೊಟ್ಟುಮಾಡುತ್ತದೆ; ಯಾವ ಯಂತ್ರವೂ ಅಲ್ಲಿಗೆ ನೇರವಾಗಿ ಮುಟ್ಟಲಾರದು.

ಎರಡು ಬಾರಿ ಭಾಗಿಸಲ್ಪಟ್ಟವುಗಳಲ್ಲಿ ಪ್ರೋಟಾನನ್ನು ಅಳಿಸದಂಥ ಪದಗಳ ಪಟ್ಟಿ 2010ರಲ್ಲಿ ವಾರ್ಸಾದಲ್ಲಿ ಪರಿಷ್ಕೃತವಾಗಿ, ಕಣಗಳ ಒಂದು ಪೀಳಿಗೆಗೆ 59ಕ್ಕೆ ನಿಂತಿತು. ಮೂರು ಪೀಳಿಗೆಗಳನ್ನು ಕೂಡಿಸಿದರೆ ಅಳೆಯಬೇಕಾದ ಸಂಖ್ಯೆಗಳು 2499. ಸರ್ನಿನ ಬೃಹತ್ ಘರ್ಷಣಯಂತ್ರದಲ್ಲಿ ಇವುಗಳ ಪರೀಕ್ಷೆ ನಡೆದಿದ್ದು, ಸೊನ್ನೆಯಲ್ಲವೆಂದು ನಿಸ್ಸಂಶಯವಾಗಿ ಸಿದ್ಧವಾದುದು ಇನ್ನೂ ಒಂದಿಲ್ಲ. ಕೋಲಾರದ ಆಳದಲ್ಲಿ ದುಡಿದವರ ಲೆಕ್ಕದಂತೆಯೇ ಇಲ್ಲಿಯೂ, ದೊರೆಯದುದು ಎಷ್ಟು ದೂರದಲ್ಲಿರಬೇಕೆಂಬ ಅಳತೆಯೇ ಈವರೆಗಿನ ಗಳಿಕೆ.