ಎರಡು ಪ್ರಾಕ್ಸಿ ಸರ್ವರ್‌ಗಳ ಸರಪಳಿಯ ಮೂಲಕ ಆನ್‌ಲೈನ್ ಅರ್ಜಿ ಸಲ್ಲಿಕೆ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರ ಮೊದಲಾದ ಸೇವೆಗಳಿಗಾಗಿ ಭೂಮಿ, ನಾಡಕಚೇರಿ, ಕಾವೇರಿ 2.0 ಮತ್ತು ಸೇವಾ ಸಿಂಧು ಜಾಲತಾಣಗಳನ್ನು ಬಳಸುತ್ತಿದ್ದಾರೆ. ಸ್ವಂತ ಮೊಬೈಲ್ ಸಂಪರ್ಕದಿಂದ ಅರ್ಜಿ ಸಲ್ಲಿಸುವವರಿಗೆ ಈ ಪುಟದ ವಿಷಯವು ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಸೈಬರ್ ಕೇಂದ್ರ, ಕಾಲೇಜಿನ ಗಣಕ ಪ್ರಯೋಗಾಲಯ, ಅಥವಾ ನರಸಾಪುರ, ವೇಮಗಲ್ ಹಾಗೂ ಮಾಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆ ಕಚೇರಿಗಳಿಂದ ಅರ್ಜಿ ಸಲ್ಲಿಸುವವರ ಕೋರಿಕೆಯಾದರೋ ಒಂದು, ಕೆಲವೊಮ್ಮೆ ಎರಡು ಪ್ರಾಕ್ಸಿ ಸರ್ವರ್‌ಗಳನ್ನು ದಾಟಿ ಜಾಲತಾಣವನ್ನು ತಲುಪುತ್ತದೆ. ಅರ್ಜಿ ಅರ್ಧದಲ್ಲಿ ನಿಂತಾಗ ದೋಷವು ಯಾವ ಹಂತದಲ್ಲಿದೆ, ಪಾವತಿಸಿದ ಹಣದ ಗತಿ ಏನು, ತಮ್ಮ ಗುಪ್ತಪದವನ್ನು ಯಾರು ಓದಬಲ್ಲರು ಎಂಬುದನ್ನು ಅರ್ಜಿದಾರರು ತಿಳಿದಿರುವುದು ಅವಶ್ಯಕ.

ಪ್ರಾಕ್ಸಿ ಸರ್ವರ್ ಎಂದರೇನು

ಬಳಕೆದಾರರ ಗಣಕಯಂತ್ರದ ಪರವಾಗಿ ಬೇರೊಂದು ಗಣಕಯಂತ್ರವು ಜಾಲತಾಣಕ್ಕೆ ಕೋರಿಕೆ ಸಲ್ಲಿಸಿ, ಬಂದ ಉತ್ತರವನ್ನು ಹಿಂದಿರುಗಿಸಿದರೆ ಆ ಗಣಕಯಂತ್ರವನ್ನು ಪ್ರಾಕ್ಸಿ ಸರ್ವರ್ ಎನ್ನಲಾಗುತ್ತದೆ. ಕಚೇರಿಯ ಟಪಾಲು ವ್ಯವಸ್ಥೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವಂತಹುದು. ಮುಳಬಾಗಿಲಿನಿಂದ ಹೊರಟ ಪತ್ರವೊಂದು ಕೋಲಾರದ ಕಚೇರಿಯನ್ನು ತಲುಪಿ, ಅಲ್ಲಿ ಹೊಸ ಲಕೋಟೆಗೆ ಸೇರಿ, ಕೋಲಾರದ ರವಾನೆ ಸಂಖ್ಯೆ ಮತ್ತು ಮೊಹರಿನೊಂದಿಗೆ ಬೆಂಗಳೂರಿಗೆ ಹೋಯಿತೆನ್ನೋಣ. ಬೆಂಗಳೂರಿನ ಸ್ವೀಕೃತಿ ವಿಭಾಗಕ್ಕೆ ಕಾಣುವುದು ಕೋಲಾರದ ಮೊಹರು ಮಾತ್ರ. ಪ್ರಾಕ್ಸಿ ಸರ್ವರ್ ಮಾಡುವುದೂ ಇದನ್ನೇ: ಬಂದ ಸಂಪರ್ಕವನ್ನು ತನ್ನಲ್ಲಿಯೇ ಮುಗಿಸಿ, ತನ್ನ ಐಪಿ ವಿಳಾಸದಿಂದ ಹೊಸ ಸಂಪರ್ಕವನ್ನು ಆರಂಭಿಸುತ್ತದೆ.

ರಾಜ್ಯ ವಿಶಾಲ ಪ್ರದೇಶ ಜಾಲವನ್ನು, ಅಂದರೆ ಕೆಸ್ವಾನ್ ಅನ್ನು, ಇದರೊಡನೆ ಬೆರೆಸಬಾರದು. ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದಿಸಿದ ಯೋಜನೆಯಂತೆ ಇಂತಹ ಜಾಲಗಳು ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರವೆಂಬ ಮೂರು ಹಂತಗಳಲ್ಲಿ ರಚಿತವಾಗಿವೆ. ಶ್ರೀನಿವಾಸಪುರದ ದತ್ತಾಂಶವು ಕೋಲಾರದ ಮೂಲಕ ಬೆಂಗಳೂರಿಗೆ ಸಾಗುವುದೆಂದರೆ ನೋಟಕ್ಕೆ ಎರಡು ಸರ್ವರ್‌ಗಳ ಸರಪಳಿಯಂತೆಯೇ ತೋರುತ್ತದೆ. ಆದರೆ ಆ ಹಂತಗಳಲ್ಲಿರುವ ರೂಟರ್‌ಗಳು ಲಕೋಟೆಯನ್ನು ಬದಲಿಸುವುದಿಲ್ಲ. ಮೇಲಿನ ವಿಳಾಸವನ್ನು ಓದಿ ಮುಂದಕ್ಕೆ ದಾಟಿಸುತ್ತವೆ, ಅಷ್ಟೆ.

ಎರಡು ಪ್ರಾಕ್ಸಿಗಳು ಸರಪಳಿಯಾಗುವ ಬಗೆ

ಇದರಲ್ಲಿ ಎರಡು ವಿಧಗಳಿದ್ದು, ಇವುಗಳ ವ್ಯತ್ಯಾಸವನ್ನು ಗಮನಿಸುವುದು ಅಗತ್ಯ.

ಮೊದಲನೆಯ ವಿಧದಲ್ಲಿ ಬಳಕೆದಾರರ ಗಣಕಯಂತ್ರಕ್ಕೆ ಮೊದಲ ಪ್ರಾಕ್ಸಿ ಮಾತ್ರ ಗೊತ್ತಿರುತ್ತದೆ. ಉದಾಹರಣೆಗೆ, ಮಾಲೂರಿನ ಕಾರ್ಖಾನೆಯೊಂದರ ಪ್ರಾಕ್ಸಿಯು ಎಲ್ಲ ಕೋರಿಕೆಗಳನ್ನು ಅದೇ ಸಂಸ್ಥೆಯ ಬೆಂಗಳೂರಿನ ಪ್ರಧಾನ ಕಚೇರಿಯ ಪ್ರಾಕ್ಸಿಗೆ ಒಪ್ಪಿಸುವಂತೆ ವ್ಯವಸ್ಥೆಗೊಳಿಸಬಹುದು. ಬಹಳ ಕಾಲದಿಂದ ಬಳಕೆಯಲ್ಲಿರುವ ಸ್ಕ್ವಿಡ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಆದೇಶವಿದ್ದು, ಮೇಲಿನ ಪ್ರಾಕ್ಸಿಯನ್ನು ‘ಪೇರೆಂಟ್’ ಎಂದು ಕರೆಯಲಾಗುತ್ತದೆ. ಇಲ್ಲಿ ಅರ್ಜಿದಾರರು ಯಾವ ಜಾಲತಾಣಕ್ಕೆ ಹೋಗುತ್ತಿದ್ದಾರೆಂಬುದು ಎರಡೂ ಪ್ರಾಕ್ಸಿಗಳಿಗೆ ತಿಳಿಯುತ್ತದೆ.

ಎರಡನೆಯ ವಿಧದಲ್ಲಿ ಸರಪಳಿಯನ್ನು ಕಟ್ಟುವುದು ಬಳಕೆದಾರರ ಗಣಕಯಂತ್ರವೇ. ಅದು ಮೊದಲ ಪ್ರಾಕ್ಸಿಯನ್ನು ಸಂಪರ್ಕಿಸಿ, ‘ಕನೆಕ್ಟ್’ ಎಂಬ ಕೋರಿಕೆಯ ಮೂಲಕ ಎರಡನೆಯ ಪ್ರಾಕ್ಸಿಗೆ ದಾರಿ ತೆರೆಯುವಂತೆ ಕೇಳುತ್ತದೆ. ದಾರಿ ತೆರೆದ ನಂತರ ಅದರೊಳಗಿನಿಂದಲೇ ಎರಡನೆಯ ಪ್ರಾಕ್ಸಿಗೆ ಮತ್ತೊಂದು ‘ಕನೆಕ್ಟ್’ ಕೋರಿಕೆ ಸಲ್ಲಿಸಿ, ಜಾಲತಾಣದ 443ನೇ ಪೋರ್ಟಿಗೆ ಸಂಪರ್ಕ ಪಡೆಯುತ್ತದೆ. 1996ರಲ್ಲಿ ಪ್ರಕಟವಾದ ಸಾಕ್ಸ್ 5ನೇ ಆವೃತ್ತಿಯ ಪ್ರಾಕ್ಸಿಗಳನ್ನೂ ಹೀಗೆಯೇ ಜೋಡಿಸಲು ಸಾಧ್ಯವಿದೆ.

ಈ ಎರಡನೆಯ ವಿಧದಲ್ಲಿ ಮೊದಲ ಪ್ರಾಕ್ಸಿಗೆ ಬಳಕೆದಾರರ ವಿಳಾಸ ಮಾತ್ರ ಗೊತ್ತು, ಎರಡನೆಯದಕ್ಕೆ ಜಾಲತಾಣ ಮಾತ್ರ ಗೊತ್ತು ಎಂಬ ನಂಬಿಕೆ ವ್ಯಾಪಕವಾಗಿದೆ. ಈ ಮಾತಿಗೆ ಷರತ್ತೊಂದಿದೆ. ಗಣಕಯಂತ್ರ ಮತ್ತು ಎರಡನೆಯ ಪ್ರಾಕ್ಸಿಯ ನಡುವಣ ಭಾಗವು ಗೂಢಲಿಪೀಕರಣಗೊಂಡಿದ್ದರೆ ಮಾತ್ರ ಅದು ನಿಜ. ಇಲ್ಲವಾದಲ್ಲಿ ಎರಡನೆಯ ‘ಕನೆಕ್ಟ್’ ಕೋರಿಕೆಯು ಮೊದಲ ಪ್ರಾಕ್ಸಿಯ ಕಣ್ಣೆದುರಿಗೇ ತೆರೆದ ಅಂಚೆ ಕಾರ್ಡಿನಂತೆ ಸಾಗಿಹೋಗುತ್ತದೆ. ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಪರಿವರ್ತಿಸುವ ಕೆಲಸವು ಸರಪಳಿಯ ಕೊನೆಯಲ್ಲಿ ನಡೆಯದೆ ಸ್ಥಳೀಯವಾಗಿಯೇ ನಡೆದರೂ ಗೌಪ್ಯತೆ ಅಲ್ಲಿಗೆ ಮುಗಿಯುತ್ತದೆ. ಸರ್ವರ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಭದ್ರತೆ ಹೆಚ್ಚುವುದೆಂಬ ಅಭಿಪ್ರಾಯಕ್ಕೆ ಆಧಾರವಿಲ್ಲ.

ಅರ್ಜಿಯ ಒಳವಿವರಗಳ ಗೌಪ್ಯತೆ

ಜಾಲತಾಣದ ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಿದ್ದು ಪ್ರಮಾಣಪತ್ರವು ಸರಿಯಾಗಿದ್ದಲ್ಲಿ, ಆಧಾರ್ ಸಂಖ್ಯೆ, ಗುಪ್ತಪದ, ಒಟಿಪಿ ಮುಂತಾದವುಗಳನ್ನು ನಡುವಿನ ಯಾವ ಪ್ರಾಕ್ಸಿಯೂ ಓದಲಾಗದು. ಗೂಢಲಿಪಿಯು ಅರ್ಜಿದಾರರ ಬ್ರೌಸರ್ ಮತ್ತು ಜಾಲತಾಣದ ನಡುವೆ ಏರ್ಪಟ್ಟಿರುತ್ತದೆ; ಪ್ರಾಕ್ಸಿಗಳು ಮುಚ್ಚಿದ ಲಕೋಟೆಯನ್ನು ಸಾಗಿಸುತ್ತವೆ.

ಇದಕ್ಕೆ ಒಂದು ಅಪವಾದವಿದೆ, ಮತ್ತು ಅದು ಸಣ್ಣದಲ್ಲ. ಕೆಲವು ಸಂಸ್ಥೆಗಳು ತಮ್ಮ ಗಣಕಯಂತ್ರಗಳಲ್ಲಿ ತಮ್ಮದೇ ಮೂಲ ಪ್ರಮಾಣಪತ್ರವನ್ನು ಅಳವಡಿಸಿ, ಪ್ರಾಕ್ಸಿಯಲ್ಲಿಯೇ ಲಕೋಟೆಯನ್ನು ತೆರೆದು ಪರಿಶೀಲಿಸಿ ಪುನಃ ಮುಚ್ಚಿ ಕಳುಹಿಸುತ್ತವೆ. ಅಂತಹ ಗಣಕಯಂತ್ರದಲ್ಲಿ ಯಾವುದೇ ಎಚ್ಚರಿಕೆಯ ಸಂದೇಶ ಕಾಣುವುದಿಲ್ಲ. ವಿಳಾಸಪಟ್ಟಿಯ ಎಡಬದಿಯ ಚಿಹ್ನೆಯನ್ನು ಒತ್ತಿ ಪ್ರಮಾಣಪತ್ರ ನೀಡಿದವರ ಹೆಸರನ್ನು ನೋಡಬಹುದಾಗಿದ್ದು, ಅಲ್ಲಿ ಕಾರ್ಖಾನೆ, ಕಾಲೇಜು ಅಥವಾ ಕೇಂದ್ರದ ಹೆಸರು ಕಂಡುಬಂದರೆ ಆ ಗಣಕಯಂತ್ರದಿಂದ ಹಣ ಪಾವತಿಸುವುದಾಗಲಿ ಒಟಿಪಿ ನಮೂದಿಸುವುದಾಗಲಿ ಸೂಕ್ತವಲ್ಲ. ಸಂಸ್ಥೆಯು ದುರುದ್ದೇಶದಿಂದ ಹೀಗೆ ಮಾಡಿದೆ ಎಂದು ಇದರ ಅರ್ಥವಲ್ಲ. ಕಚೇರಿಯ ಗಣಕಯಂತ್ರವು ಕಚೇರಿಯ ಕೆಲಸಕ್ಕಾಗಿ ಇದೆ. ಅಪರಿಚಿತರು ನಡೆಸುವ ಉಚಿತ ಪ್ರಾಕ್ಸಿಯೊಂದು ಪ್ರಮಾಣಪತ್ರವನ್ನು ಅಳವಡಿಸಿಕೊಳ್ಳುವಂತೆ ಕೇಳಿದರೆ ಮಾತ್ರ ಬೇರೆ ಯೋಚನೆಯೇ ಬೇಡ, ನಿರಾಕರಿಸತಕ್ಕದ್ದು.

ದಾಖಲೆಗಳ ವಿಷಯ. 2011ರ ಮಾಹಿತಿ ತಂತ್ರಜ್ಞಾನ (ಸೈಬರ್ ಕೆಫೆ ಮಾರ್ಗಸೂಚಿ) ನಿಯಮಗಳ ಪ್ರಕಾರ ಸೈಬರ್ ಕೇಂದ್ರಗಳು ಬಳಕೆದಾರರ ಗುರುತಿನ ದಾಖಲೆಯನ್ನು ಪರಿಶೀಲಿಸಬೇಕು. ಸಂದರ್ಶಿಸಿದ ಜಾಲತಾಣಗಳ ವಿವರ ಮತ್ತು ಕೇಂದ್ರದಲ್ಲಿ ಪ್ರಾಕ್ಸಿ ಸರ್ವರ್ ಇದ್ದಲ್ಲಿ ಅದರ ದಾಖಲೆಗಳನ್ನು ಕನಿಷ್ಠ 1 ವರ್ಷ ಇಟ್ಟಿರಬೇಕು. ಕೇಂದ್ರದವರು ಗುರುತಿನ ಚೀಟಿ ಕೇಳಿದಾಗ ಅನುಮಾನಪಡುವ ಅಗತ್ಯವಿಲ್ಲ. ಗುಪ್ತಪದವನ್ನು ಕೇಳಲು ಮಾತ್ರ ಯಾವ ನಿಯಮದಲ್ಲಿಯೂ ಅವಕಾಶವಿಲ್ಲ.

ಒಂದೇ ವಿಳಾಸದಿಂದ ಅನೇಕ ಅರ್ಜಿಗಳು

ಸರಪಳಿಯ ಕೊನೆಯ ಸರ್ವರ್‌ನ ವಿಳಾಸವೊಂದೇ ಜಾಲತಾಣಕ್ಕೆ ಕಾಣುವುದರಿಂದ, ಅದರ ಹಿಂದಿರುವ ನೂರಾರು ಜನರು ಜಾಲತಾಣದ ದೃಷ್ಟಿಯಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಶಾಲಾ ಕಾಲೇಜು ಪ್ರವೇಶದ ಸಮಯದಲ್ಲಿ ಎಲ್ಲರೂ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಒಮ್ಮೆಲೇ ಅರ್ಜಿ ಹಾಕಿದಾಗ, ಒಂದೇ ವಿಳಾಸದಿಂದ ಬರುವ ಕೋರಿಕೆಗಳು ಮಿತಿಯನ್ನು ಮೀರಿ ತಡೆಗೊಳ್ಳಬಹುದು.

ಇಂತಹ ಮಿತಿಗಳನ್ನು ವಿಧಿಸಲು ಕಾರಣವಿದೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣವು ಸ್ವಯಂಚಾಲಿತ ಕೋರಿಕೆಗಳ ದಾಳಿಗೆ ಗುರಿಯಾಗಿ, ಆಸ್ತಿ ನೋಂದಣಿ ಮತ್ತು ಋಣಭಾರ ಪ್ರಮಾಣಪತ್ರದ ಸೇವೆಗಳಿಗೆ ಅಡ್ಡಿಯುಂಟಾಯಿತು. ನಕಲಿ ಖಾತೆಗಳನ್ನು ಸೃಷ್ಟಿಸಿ, ಅರ್ಥವಿಲ್ಲದ ಹುಡುಕಾಟಗಳಿಂದ ವ್ಯವಸ್ಥೆಯ ಮೇಲೆ ಭಾರ ಹೇರಲಾಗಿತ್ತು. 62 ಇಮೇಲ್ ಖಾತೆಗಳು 14 ಐಪಿ ವಿಳಾಸಗಳಿಂದ ಬಳಕೆಯಾಗಿದ್ದುದು ಕಂಡುಬಂದಿತು. ಕೆಲವೇ ವಿಳಾಸಗಳಿಂದ ಅತಿಯಾದ ಕೋರಿಕೆಗಳು: ದಾಳಿಯ ಲಕ್ಷಣವೂ ಇದೇ, ದಟ್ಟಣೆಯ ದಿನದಂದು ಹಂಚಿಕೆಯ ಪ್ರಾಕ್ಸಿಯೊಂದರ ಲಕ್ಷಣವೂ ಇದೇ. ತಡೆಯುವ ಯಂತ್ರಕ್ಕೆ ಇವೆರಡರ ಭೇದ ಸುಲಭವಾಗಿ ತಿಳಿಯದು. ಪ್ರಾಮಾಣಿಕ ಅರ್ಜಿದಾರರಿಗೆ ಇದು ಅನ್ಯಾಯವೆನಿಸುವುದು ಸಹಜವೇ ಸರಿ. ಆದರೂ ಆ ಕ್ಷಣದಲ್ಲಿ ಪುಟವನ್ನು ಮತ್ತೆ ಮತ್ತೆ ಹೊಸದಾಗಿ ತೆರೆಯುವುದರಿಂದ ತಡೆಯ ಅವಧಿ ಹೆಚ್ಚಬಹುದೇ ಹೊರತು ಕಡಿಮೆಯಾಗದು. ಮೊಬೈಲ್ ಸಂಪರ್ಕಕ್ಕೆ ಬದಲಾಯಿಸಿಕೊಳ್ಳುವುದು ಉತ್ತಮ.

ಎರಡನೆಯ ಸರ್ವರ್ ಹೊರದೇಶದಲ್ಲಿದ್ದಲ್ಲಿ ಮತ್ತೊಂದು ತೊಡಕಿದೆ. ಅನೇಕ ಸರ್ಕಾರಿ ಜಾಲತಾಣಗಳು ಹೊರದೇಶದ ವಿಳಾಸಗಳಿಂದ ತೆರೆಯುವುದಿಲ್ಲ. ವಿದೇಶದಲ್ಲಿರುವ ಮಕ್ಕಳು ಊರಿನ ಜಮೀನಿನ ಪಹಣಿಯನ್ನು ನೋಡಲಾಗದಿರುವುದಕ್ಕೂ, ಕೋಲಾರದಲ್ಲಿಯೇ ಕುಳಿತು ಉಚಿತ ಪ್ರಾಕ್ಸಿ ಬಳಸುವವರಿಗೆ ಅದೇ ಪುಟವು ದೊರೆಯದಿರುವುದಕ್ಕೂ ಇದು ಕಾರಣವಾಗಿರಬಹುದು.

ದೋಷ ಸಂಖ್ಯೆಗಳು

ಪರದೆಯ ಮೇಲಿನ ಮೂರಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅತ್ಯಂತ ಉಪಯುಕ್ತ. 407 ಎಂದಾದರೆ ಪ್ರಾಕ್ಸಿಯು ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ಕೇಳುತ್ತಿದೆ. ಇದಕ್ಕೂ ಸೇವಾ ಜಾಲತಾಣಕ್ಕೂ ಸಂಬಂಧವಿಲ್ಲವಾದ್ದರಿಂದ ಕೇಂದ್ರದ ಸಿಬ್ಬಂದಿಯನ್ನು ವಿಚಾರಿಸಬೇಕು. ಜಾಲತಾಣದ ಗುಪ್ತಪದವನ್ನು ಆ ಚೌಕದಲ್ಲಿ ನಮೂದಿಸಕೂಡದು. 429 ಎಂದರೆ ಕೋರಿಕೆಗಳು ಮಿತಿಮೀರಿವೆ. 403 ಎಂದರೆ ಪ್ರವೇಶ ನಿರಾಕರಣೆ. ಇದನ್ನು ಪ್ರಾಕ್ಸಿಯೂ ನೀಡಬಹುದು, ಜಾಲತಾಣವೂ ನೀಡಬಹುದು. 502 ಮತ್ತು 504 ಮುಂದಿನ ಹಂತದಿಂದ ಸರಿಯಾದ ಉತ್ತರ ಬಂದಿಲ್ಲ, ಅಥವಾ ವೇಳೆಗೆ ಬಂದಿಲ್ಲ ಎಂಬುದನ್ನು ಸೂಚಿಸುತ್ತವೆ. ಸರಪಳಿಯಲ್ಲಿ ಯಾವುದೇ ಒಂದು ಸರ್ವರ್ ನಿಂತರೂ ಇಡೀ ಮಾರ್ಗವು ನಿಲ್ಲುತ್ತದೆ. ಎರಡರ ವಿಳಂಬವೂ ಕೂಡಿ ಅರ್ಜಿದಾರರ ಪಾಲಿಗೆ ಬರುತ್ತದೆ. ಅದೇ ಪುಟವು ಮೊಬೈಲ್‌ನಲ್ಲಿ ತೆರೆದುಕೊಂಡರೆ ದೋಷವು ಬಹುಶಃ ಸರಪಳಿಯಲ್ಲಿದೆಯೆಂದು ತಿಳಿಯಬಹುದು.

ಹಣ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ

ಅರ್ಜಿದಾರರಿಗೆ ನಿಜವಾದ ನಷ್ಟವುಂಟಾಗುವುದು ಈ ಹಂತದಲ್ಲಿ. ಪಾವತಿ ಪುಟದಿಂದ ಸೇವಾ ಜಾಲತಾಣಕ್ಕೆ ಹಿಂದಿರುಗುವಾಗ ಸರಪಳಿಯು ಕಡಿದರೆ, ಅಥವಾ ಕೊನೆಯ ಸರ್ವರ್‌ನ ವಿಳಾಸವು ನಡುವೆ ಬದಲಾಗಿ ಜಾಲತಾಣವು ಬಳಕೆದಾರರನ್ನು ಹೊರಹಾಕಿದರೆ, ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿಯೂ ಅರ್ಜಿ ಅಪೂರ್ಣವಾಗಿ ಉಳಿಯುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯ ಜಾಡು ಹಿಡಿಯಲು 15 ಅಂಕಿಗಳ ಸ್ವೀಕೃತಿ ಸಂಖ್ಯೆಯೇ ಆಧಾರ. ಆ ಸಂಖ್ಯೆ ಕೈಸೇರದಿದ್ದಲ್ಲಿ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸಿ ದಿನಗಳನ್ನು ಎಣಿಸುತ್ತಾ ಕೂರಬಾರದು.

ಅಂತಹ ಸಂದರ್ಭದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸದೆ, ಬೇರೊಂದು ಸಂಪರ್ಕದಿಂದ ಖಾತೆಗೆ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಆನ್‌ಲೈನ್ ಕಾರ್ಡ್ ಪಾವತಿ ಅಥವಾ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿ ವ್ಯವಸ್ಥೆಗೆ ದೃಢೀಕರಣ ತಲುಪದಿದ್ದಲ್ಲಿ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣವು ತಾನಾಗಿಯೇ ಹಿಂದಿರುಗಬೇಕು. ವಿಳಂಬವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನೀಡತಕ್ಕದ್ದೆಂದು ಅದರಲ್ಲಿ ಹೇಳಲಾಗಿದೆ. ಇದು ದೃಢೀಕರಣ ತಲುಪದ ವಹಿವಾಟಿಗೆ ಮಾತ್ರ ಅನ್ವಯ. ಹಣವು ಇಲಾಖೆಯನ್ನು ತಲುಪಿ ಸ್ವೀಕೃತಿಯ ಪುಟವಷ್ಟೇ ತಪ್ಪಿಹೋಗಿದ್ದಲ್ಲಿ ಬ್ಯಾಂಕಿನ ಬದಲು ಸೇವೆ ನೀಡುವ ಕಚೇರಿಯನ್ನೇ ಸಂಪರ್ಕಿಸಬೇಕಾಗುತ್ತದೆ.

ದೂರು ನೀಡುವಾಗ ವಹಿವಾಟಿನ ಉಲ್ಲೇಖ ಸಂಖ್ಯೆ, ದಿನಾಂಕ ಮತ್ತು ನಿಖರವಾದ ವೇಳೆ, ದೋಷ ಸಂಖ್ಯೆ ಹಾಗೂ ಯಾವ ಊರಿನ ಯಾವ ಬಗೆಯ ಸಂಪರ್ಕದಿಂದ ಅರ್ಜಿ ಸಲ್ಲಿಸಲಾಯಿತೆಂಬುದನ್ನು ತಿಳಿಸುವಂತೆ ಕೋರಲಾಗಿದೆ. ಜಾಲತಾಣದ ದಾಖಲೆಯಲ್ಲಿ ಅರ್ಜಿದಾರರ ಬದಲು ಎರಡನೆಯ ಪ್ರಾಕ್ಸಿಯ ವಿಳಾಸವಿರುವುದರಿಂದ, ವೇಳೆಯನ್ನು ನಿಮಿಷದವರೆಗೆ ನೀಡದಿದ್ದಲ್ಲಿ ಒಬ್ಬರ ಕೋರಿಕೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸುವುದು ಕಷ್ಟಸಾಧ್ಯ. ಒಟಿಪಿ ಅಥವಾ ಗುಪ್ತಪದವು ಬೇರೆಯವರ ಕೈಸೇರಿ ಹಣ ಹೋಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.