ಮಂತ್ರದ ಕತ್ತಿಗೆ ಬಲ ಹೆಚ್ಚಿದಷ್ಟೂ ಖುಷಿ ಹೆಚ್ಚುತ್ತದೆಯೇ?

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಹುಡುಗರು ಮೇಜಿನ ಸುತ್ತ ಕುಳಿತು ದಾಳ ಉರುಳಿಸುವ ದೃಶ್ಯ ನೆನಪಿರಬಹುದು. ಅವರು ಆಡುವುದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ದಾರಿಯಲ್ಲಿ ಮಂತ್ರದ ಕತ್ತಿ, ಉಂಗುರ, ಚೀಲ ಸಿಗುತ್ತವೆ. ಹೆಚ್ಚು ಬಲದ ವಸ್ತು ಕೊಟ್ಟಷ್ಟೂ ಆಟಗಾರರಿಗೆ ಖುಷಿ ಎಂದು ಹೊಸದಾಗಿ ಕಥೆ ನಡೆಸುವವರು ನಂಬಿರುತ್ತಾರೆ. ನಾನೂ ನಂಬಿದ್ದೆ.

ಲೆಕ್ಕ ನೋಡಿ. ಆಟದ ಸಾಮಾನ್ಯ ಮಂತ್ರದ ಕತ್ತಿ ‘ಪ್ಲಸ್ ಒನ್’. ಏಟು ತಗುಲಿತೇ ಎಂದು ತಿಳಿಯಲು 20 ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ 1 ಕೂಡಿಸಬೇಕು. ಅಂದರೆ ಸರಾಸರಿ 20 ಏಟಿಗೆ ಒಂದು ಏಟು ಹೆಚ್ಚು ತಗುಲುತ್ತದೆ, ಅಷ್ಟೇ. ತಗುಲಿದಾಗ ಪೆಟ್ಟೂ ಒಂದು ಅಂಕ ಜಾಸ್ತಿ. ನಾನು ಇಂಥ ಕತ್ತಿ ಕೊಟ್ಟಾಗ ಗೆಳತಿ ಹಾಳೆಯಲ್ಲಿ ‘+1’ ಎಂದು ಬರೆದುಕೊಂಡು “ಮುಂದೇನು?” ಎಂದಳು.

ಹಾಗಾದರೆ ವಸ್ತುವಿನ ಮೇಲೆ ಮೋಹ ಹುಟ್ಟುವುದು ಯಾವುದರಿಂದ? ಆಟದ ಹೊರಗಿನ ಒಂದು ಪ್ರಸಂಗವಿದೆ. 2009ರಲ್ಲಿ ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಎಂಬ ಅಮೆರಿಕದ ಬರಹಗಾರರು ಸುಮಾರು 129 ಡಾಲರ್‌ಗೆ ಚಿಲ್ಲರೆ ಹಳೆ ಸಾಮಾನು ಕೊಂಡು, ಒಂದೊಂದಕ್ಕೂ ಲೇಖಕರಿಂದ ಕಥೆ ಬರೆಸಿ ಇಬೇಯಲ್ಲಿ ಹರಾಜಿಗಿಟ್ಟರು. ಕಥೆಗಳು ಕಲ್ಪಿತ ಎಂಬುದನ್ನು ಮುಚ್ಚಿಡಲಿಲ್ಲ. ಬಂದದ್ದು 3,600 ಡಾಲರ್‌ಗೂ ಹೆಚ್ಚು! ಇದು ಕಟ್ಟುನಿಟ್ಟಾದ ವೈಜ್ಞಾನಿಕ ಪ್ರಯೋಗವೇನಲ್ಲ, ಲೇಖಕರ ಮೇಲಿನ ಅಭಿಮಾನದಿಂದ ಕೊಂಡವರೂ ಇದ್ದಿರಬಹುದು. ಆದರೂ ಕಥೆಗೆ ಬೆಲೆಯಿದೆ ಎಂಬುದಂತೂ ಕಾಣುತ್ತದೆ.

ಇನ್ನೊಂದು, ತೆರಬೇಕಾದ ಬೆಲೆ. ಇದು ನಮಗೆ ಹೊಸದಲ್ಲ. ಕರ್ಣ ಕವಚ-ಕುಂಡಲ ಕತ್ತರಿಸಿ ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧವನ್ನು ಒಮ್ಮೆ ಮಾತ್ರ ಬಳಸಬಹುದಿತ್ತು. ಅರ್ಜುನನಿಗೆಂದು ಕಾದಿಟ್ಟದ್ದನ್ನು ಘಟೋತ್ಕಚನ ಮೇಲೆ ಬಿಡಬೇಕಾಯಿತು. ಎಷ್ಟು ಬಾರಿಯಾದರೂ ಬಿಡಬಹುದಾಗಿದ್ದರೆ ಅದನ್ನು ಯಾರು ನೆನಪಿಡುತ್ತಿದ್ದರು? ಈ ಆಟದಲ್ಲೂ ‘ವೆಕ್ನಾನ ಕೈ’ ಬೇಕೆನ್ನುವವರು ಮೊದಲು ತಮ್ಮ ಪಾತ್ರದ ಎಡಗೈ ಕತ್ತರಿಸಿಕೊಳ್ಳಬೇಕು. ಸೀರೀಸ್‌ನ ಖಳನಿಗೆ ಹೆಸರು ಬಂದದ್ದು ಇದೇ ವೆಕ್ನಾನಿಂದ. 2014ರ ನಿಯಮಾವಳಿಯಲ್ಲಂತೂ ಬಲವಾದ ಹಲವು ವಸ್ತುಗಳಿಗೆ ಮಿತಿಯಿದೆ: ಸಾಮಾನ್ಯವಾಗಿ ಒಂದು ಪಾತ್ರ ಒಮ್ಮೆಗೆ ಅಂಥ ಮೂರನ್ನು ಮಾತ್ರ ಬಳಸಬಹುದು. ನಾಲ್ಕನೆಯದು ಸಿಕ್ಕರೆ ಯಾವುದನ್ನು ಬಿಡುವುದು ಎಂದು ಮೇಜಿನ ಸುತ್ತ ಜಗಳ ಶುರು.

ಮುಂದಿನ ಸಲ ಅದೇ ‘ಪ್ಲಸ್ ಒನ್’ ಕತ್ತಿಯನ್ನೇ ಕೊಟ್ಟೆ. ಹಿಡಿಯ ಮೇಲೆ ಅರ್ಧ ಸವೆದ ಒಂದು ಹೆಸರಿದೆ ಎಂದಷ್ಟೇ ಸೇರಿಸಿದೆ. ಗೆಳತಿ ಪ್ರತಿ ಊರಿನಲ್ಲೂ ನಿಂತು, ಈ ಹೆಸರಿನವರು ಯಾರಾದರೂ ಗೊತ್ತೇ ಎಂದು ವಿಚಾರಿಸತೊಡಗಿದಳು.