ಒಂದೇ ಕಾಡತೂಸು, ಬೇರೆ ಬೇರೆ ಮದ್ದು

ಕೋವಿ ಹಾರಿಸಿದಾಗ ಗುಂಡು ಹೊರಟುಹೋಗುತ್ತದೆ, ಹಿತ್ತಾಳೆಯ ಚಿಪ್ಪು ಉಳಿಯುತ್ತದೆ. ಅಮೆರಿಕದಲ್ಲಿ ಅನೇಕ ಬೇಟೆಗಾರರು, ಗುರಿಕಾರರು ಈ ಚಿಪ್ಪಿಗೆ ಮನೆಯಲ್ಲೇ ಹೊಸ ಮದ್ದು, ಗುಂಡು ತುಂಬಿ ಮತ್ತೆ ಬಳಸುತ್ತಾರೆ. ಕಾರ್ಖಾನೆಯವರು ತುಂಬುವುದೂ ಅದೇ ಮದ್ದಲ್ಲವೇ? ಅಲ್ಲ.

ಶತಮಾನಗಳ ಕಾಲ ಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕಪ್ಪು ಮಿಶ್ರಣ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ತಯಾರಿಸಿದ. ಇದು ಕಪ್ಪು ಮದ್ದಿಗಿಂತ ಬಹಳ ಪ್ರಬಲ. ಕಾಳಿನ ಗಾತ್ರ, ಆಕಾರ, ಲೇಪ ಬದಲಿಸಿದರೆ ಉರಿಯುವ ವೇಗವೂ ಬದಲಾಗುತ್ತದೆ. ಆದರೆ ಒಂದು ಸಲ ತಯಾರಾದ ಮದ್ದು ಇನ್ನೊಂದು ಸಲದ್ದಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲ.

ಕಾರ್ಖಾನೆಗೆ ಇದು ತೊಡಕಲ್ಲ. ಪ್ರತಿ ಲಾಟಿನ ಮದ್ದನ್ನು ಹಾರಿಸಿ ನೋಡಿ, ನಳಿಗೆಯೊಳಗಿನ ಒತ್ತಡ ಮತ್ತು ಗುಂಡಿನ ವೇಗ ಅಳೆದು, ಎಷ್ಟು ತುಂಬಬೇಕೆಂದು ಅಲ್ಲಿ ನಿರ್ಧರಿಸುತ್ತಾರೆ. ಮನೆಯಲ್ಲಿ ತುಂಬುವವರಿಗೆ ಇರುವ ಮುಖ್ಯ ಆಸರೆ ತಕ್ಕಡಿ ಮತ್ತು ಕೈಪಿಡಿ. ಆದ್ದರಿಂದ ಅವರಿಗೆಂದು ಡಬ್ಬಿಗಳಲ್ಲಿ ಮಾರುವ ಮದ್ದನ್ನು ವರ್ಷ ವರ್ಷವೂ ಒಂದೇ ಹದದಲ್ಲಿರುವಂತೆ ಬೆರೆಸಿ ಕೊಡಲಾಗುತ್ತದೆ. ಕಾರ್ಖಾನೆಯ ಕಾಡತೂಸು ಬಿಚ್ಚಿ, ಅದರ ಮದ್ದು ತೂಗಿ, ನೋಡಲು ಹಾಗೆಯೇ ಇರುವ ಡಬ್ಬಿ ಮದ್ದನ್ನು ಅಷ್ಟೇ ತುಂಬಿದರೆ ಕೋವಿಯೇ ಸಿಡಿದೀತು.

ಹಾಗೆಂದು ಅಳೆದು ತುಂಬಿದ್ದೆಲ್ಲ ಸುರಕ್ಷಿತವೂ ಅಲ್ಲ. ಇದಕ್ಕೆ ವಿಯೆಟ್ನಾಂ ಯುದ್ಧವೇ ಸಾಕ್ಷಿ. ಅಮೆರಿಕ ಸೈನ್ಯದ ಎಂ-16 ಬಂದೂಕನ್ನು ರೂಪಿಸಿದ್ದು ಡುಪಾಂಟ್ ಕಂಪೆನಿಯ ಸಣ್ಣ ಕೊಳವೆಯಾಕಾರದ ಕಾಳಿನ ಮದ್ದಿಗೆ. 1964ರಲ್ಲಿ ಸೈನ್ಯ ಓಲಿನ್ ಕಂಪೆನಿಯ ದುಂಡು ಕಾಳಿನ ಮದ್ದನ್ನು ಒಪ್ಪಿತು. ಸೆಕೆಂಡಿಗೆ 3,250 ಅಡಿ ವೇಗ ಬೇಕೆಂಬ ಷರತ್ತನ್ನು ಅದು ಪೂರೈಸುತ್ತಿತ್ತು. ಆದರೆ ಬಂದೂಕಿನೊಳಗೆ ಹೆಚ್ಚು ಮಸಿ ಕಟ್ಟಿತು, ಗುಂಡು ಹಾರುವ ದರವನ್ನೂ ಏರಿಸಿತು. ನಳಿಗೆಯ ಒಳಗೆ ತುಕ್ಕು ತಡೆಯುವ ಕ್ರೋಮ್ ಲೇಪವಿರಲಿಲ್ಲ, ಶುಚಿಗೊಳಿಸುವ ಸಾಮಗ್ರಿಯೂ ಸಾಲದಾಗಿತ್ತು. ಖಾಲಿ ಚಿಪ್ಪು ಸಿಕ್ಕಿಕೊಂಡು ಬಂದೂಕು ಕೈಕೊಟ್ಟಾಗ ಸೈನಿಕರು ಪ್ರಾಣ ತೆತ್ತರು.

1967ರಲ್ಲಿ ಅಮೆರಿಕ ಸಂಸತ್ತಿನ ಇಕಾರ್ಡ್ ಉಪಸಮಿತಿ ಈ ಮದ್ದು ಬದಲಾವಣೆಯನ್ನು ಕಟುವಾಗಿ ಟೀಕಿಸಿತು. ಮುಂದೆ ಕ್ರೋಮ್ ಲೇಪ ಬಂತು. ಮಸಿಗೆ ಕಾರಣವಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಅಂಶವನ್ನು ಮದ್ದಿನಲ್ಲಿ ತಗ್ಗಿಸಲಾಯಿತು. ದುಂಡು ಕಾಳಿನ ಮದ್ದು ಮಾತ್ರ ಬಳಕೆಯಲ್ಲಿ ಉಳಿಯಿತು.

ಮನೆಯಲ್ಲಿ ತುಂಬುವವರ ಕೈಪಿಡಿಗಳು ಮದ್ದು ಬದಲಾದರೆ ಲೆಕ್ಕವನ್ನೂ ಮೊದಲಿನಿಂದ ಹಾಕಿ ಎನ್ನುತ್ತವೆ. ಎಲ್ಲ ಸಾಧನಗಳಿದ್ದ ಸೈನ್ಯ ಆ ಪಾಠ ಕಲಿತದ್ದು ರಣರಂಗದಲ್ಲಿ.